ಕುದುರೆ ಬಾಯಿ, ಮಾವನ ಬಾಯಿ

...ಓಡಿಹೋದ್ರು ಅನ್ನಬೇಡಿ ಬೀಗರೇ! ಹೊರಟುಹೋದ್ರು ಅನ್ನಿ. ಛತ್ರದ ಬಾಗಿಲಲ್ಲಿ ನಿಂತು ಮದುವೆ ಗಂಡು ಓಡಿಹೋದ ಅಂದ್ರೆ ಬೇರೆ ಅರ್ಥ ಬರುತ್ತೆ. ಅಳಿಯಂದ್ರು ಕುದುರೆ ಮೇಲೆ ಕೂತಿದ್ರು, ಕುದುರೆ ಹೊರಟಿತು, ಹಾಗಾಗಿ ಅವರೂ ಹೊರಟರು. ಅಷ್ಟೇ! ಅದರಲ್ಲಿ ಅವರ ಸ್ವಂತ ಅಭಿಪ್ರಾಯ ಏನೂ ಇರಲಿಲ್ಲ.

ಕೂತ್ಕೊಳ್ಳಿ. ಮುಹೂರ್ತಕ್ಕೆ ಇನ್ನೂ ಹೊತ್ತಿದೆ. ಏಯ್, ಆ ವಾಲಗ ನಿಲ್ಲಿಸ್ರಪ್ಪ! ಯಾರಿಗೋಸ್ಕರ ಊದ್ತಿದ್ದೀರಿ ಈಗ?

ನೋಡಿ, ಎಲ್ಲದಕ್ಕೂ ಕಾರಣ ಆ ಕಡಿವಾಣ. ನಾನು ಬಿಟ್ ಅಂತೀನಿ. ನಮ್ಮ ಕಾನ್ವೆಂಟಲ್ಲಿ ಕನ್ನಡ ಆಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರು, ಆ ಅಭ್ಯಾಸ... ಏನಂದ್ರಿ? ಲಗಾಮಾ? ಅಲ್ಲ, ಅಲ್ಲ, ಅಲ್ಲ! ಲಗಾಮು ಕೈಲಿ ಹಿಡಿಯೋ ಪಟ್ಟಿ. ಬಿಟ್ ಬಾಯೊಳಗಿನ ಕಬ್ಬಿಣ. ಮಗ ಕಾಣೆಯಾಗಿದ್ದಾನೆ ಅಂತ ಪದ ತಪ್ಪು ಬಳಸಬಾರದು.

ಕುದುರೆಗೆ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ಮಧ್ಯೆ ಖಾಲಿ, ಬರೀ ವಸಡು. ಬಿಟ್ ಕೂರೋದು ಅಲ್ಲಿ. ಲಗಾಮು ಎಳೆದ್ರೆ ನಾಲಿಗೆ, ವಸಡು, ತುಟಿಯ ಮೂಲೆ, ಎಲ್ಲಾ ಕಡೆ ಒತ್ತುತ್ತೆ. ಕುದುರೆ ನಿಲ್ಲೋದು ನಿಮ್ಮ ತೋಳಿನ ಬಲಕ್ಕಲ್ಲ ಬೀಗರೇ, ಆ ಒತ್ತು ಅರ್ಥ ಮಾಡ್ಕೊಂಡು! ಮೆಲ್ಲಗೆ ಎಳೀಬೇಕು. ಅದು ಮಾತು ಕೇಳಿದ ತಕ್ಷಣ ಸಡಿಲ ಮಾಡ್ಬೇಕು. ಅದೇ ಅದಕ್ಕೆ ಥ್ಯಾಂಕ್ಸು... ಯಾಕ್ರೀ ನಗ್ತೀರಿ? ನಗ್ತಿಲ್ವಾ? ಅಳ್ತಿದ್ದೀರಾ? ಮಂಗಳಾ, ಬೀಗರಿಗೆ ನೀರು ತಗೊಂಡ್ಬಾ!

ಇವತ್ತಿನ ಕುದುರೆಗೆ ಹಾಕಿದ್ದು ನೀವು ನೋಡ್ಬೇಕಿತ್ತು. ತುಕ್ಕು! ಅಂಚು ಚೂಪು! ಅದೂ ಎಷ್ಟು ಬಿಗಿ! ತುಟಿ ಮೂಲೇಲಿ ಒಂದೆರಡು ಸುಕ್ಕು ಬಿದ್ರೆ ಸಾಕು, ಇದಕ್ಕೆ ಕಿವಿವರೆಗೂ ಎಳೆದಿತ್ತು. ಫೋಟೋದಲ್ಲಿ ನಿಮ್ಮ ಕಡೆಯವರಿಗಿಂತ ಚೆನ್ನಾಗಿ ನಗ್ತಿದೆ ಕುದುರೆ. ನನ್ನ ಮಗಳ ಮದುವೇಲಿ ಒಂದು ಪ್ರಾಣಿ ಬಾಯಿ ಹುಣ್ಣು ಮಾಡ್ಕೋಬೇಕಾ? ತತ್ವ ಅಂತ ಒಂದಿದೆ. ತೆಗೀರಿ ಅಂದೆ. ಕುದುರೆಯವನ ಚೀಲದಲ್ಲಿ ಇನ್ನೊಂದಿತ್ತು, ನಯವಾದದ್ದು. ಒರೆಸ್ದೆ. ಅಂಗೈಲಿ ಉಜ್ಜಿ ಬೆಚ್ಚಗೆ ಮಾಡ್ದೆ. ಈ ಚಳೀಲಿ ತಣ್ಣನೆ ಕಬ್ಬಿಣ ಬಾಯಿಗಿಟ್ರೆ ನಿಮಗೆ ಹೆಂಗಾಗುತ್ತೆ?

ಹೌದು, ಹೌದು. ಸವಾರನನ್ನ ಮೊದಲು ಇಳಿಸ್ಬೇಕಿತ್ತು. ನಿಯಮ ಅದೇ. ಆದ್ರೆ ಅವರನ್ನ ಹತ್ತಿಸೋಕೇ ಎರಡೂ ಕಡೆ ನೆಂಟರು ಸೇರಬೇಕಾಯ್ತಲ್ಲ! ಆ ಪಂಚೇಲಿ ಮತ್ತೆ ಇಳಿಸಿ ಹತ್ತಿಸಿದ್ರೆ ಮರ್ಯಾದೆ ಉಳೀತಿತ್ತಾ? ಅದಕ್ಕೇ ಮಂಟೇಸ್ವಾಮಿ, ಅದೇ ಕುದುರೆಯವನು, ಕತ್ತಿನ ಹಗ್ಗ ಹಿಡ್ಕೊಂಡಿದ್ದ. ಕುದುರೆ ಬಾಯಿ ಖಾಲಿ. ಇದ್ದದ್ದು ಆ ಹಗ್ಗ ಒಂದೇ. ಅದನ್ನ ಕೈಬಿಟ್ಟ!

ಯಾಕೆ ಅಂದ್ರೆ? ನನಗೇನು ಗೊತ್ತು? ಅವನನ್ನೇ ಕೇಳಿ... ಬೇಡ, ಕೇಳಬೇಡಿ. ಪಾಪ, ಕುದುರೆ ಹಿಂದೆ ಓಡಿ ಸುಸ್ತಾಗಿದ್ದಾನೆ. ಏನೇನೋ ಹೇಳ್ತಾನೆ.

ಏನು? ಸಂಬಂಧ ಮುರಿಯೋದಾ? ಅಯ್ಯೋ, ಆ ಮಾತು ಬೇಡ ಶಿವರುದ್ರಪ್ಪನವರೇ! ಬಾಸಿಂಗ ಕಟ್ಕೊಂಡು ಕೂತಿದ್ದಾಳೆ ನನ್ನ ವರ್ಷಿಣಿ. ಯಾರೋ ಕುದುರೆಯವನು ಮಾಡಿದ ತಪ್ಪಿಗೆ ನನ್ನ ಮಗಳ ಮದುವೆ ನಿಲ್ಬೇಕಾ?

ಫೋನು! ನಿಮ್ಮದೇ! ಅವರೇನಾ? ಎತ್ತಿ, ಎತ್ತಿ!

ಬಿದ್ದಿಲ್ವಂತಾ? ಅಬ್ಬ, ಶಿವನೇ! ಎಲ್ಲಿ? ಕಡಕೊಳದ ದಾರೀಲಿ... ಟೀ ಅಂಗಡಿ ಮುಂದೆ... ಬನ್ನು ತಿಂತಿದೆಯಾ? ಕುದುರೆ ತಾನೆ? ಸರಿ ಸರಿ. ಪೇಟ ಹೋದ್ರೆ ಹೋಗ್ಲಿ, ಇನ್ನೊಂದು ತರಿಸೋಣ...

ಇನ್ನೂ ಏನ್ರೀ ಹೇಳ್ತಿದ್ದಾರೆ ಅಷ್ಟೊಂದು?

ಬೀಗರೇ?

ಯಾಕೆ ನನ್ನನ್ನೇ ನೋಡ್ತೀರಿ?... ಏನಾದ್ರೂ ಅನ್ನಿ... ಹಾಂ. ಅವರು ಮೇಲೇ ಕೂತಿದ್ರಲ್ಲ. ಕೇಳಿಸ್ಕೊಂಡಿರ್ತಾರೆ.

ಸರಿ! ನಾನೇ ಹೇಳಿದ್ದು! ಆದ್ರೆ ಹೇಳಿದ್ದು ತಪ್ಪಿಲ್ಲ ಕಣ್ರೀ! ಆ ಬೆಚ್ಚಗಿನ ಕಬ್ಬಿಣ ಅವನ ಕೈಗಿಟ್ಟು, "ಬಿಟ್ ಹಾಕಿ" ಅಂದೆ. ಬಿಟ್. ಹಾಕಿ. ಎರಡು ಪದ! ಮಧ್ಯೆ ಜಾಗ ಇದೆ! ಆ ಜಾಗ ಅವನಿಗೆ ಕೇಳಿಸ್ಲಿಲ್ಲ. "ಬುಟ್ಟಾಕ್ದೆ ಸ್ವಾಮಿ" ಅಂದ... ಹಗ್ಗ ಬಿಟ್ಹಾಕೇಬಿಟ್ಟ.

ಕೈ ಮುಗೀತೀನಿ. ಅಳಿಯಂದ್ರು ಬರ್ತಾರೆ ತಾನೆ? ಬರ್ತಾರಾ! ನಾನೇ ಹೋಗ್ತೀನಿ, ಕಾರು ತಗೊಂಡು... ಹಾಂ, ಕಾರಲ್ಲಿ ಅವರು ಬರ್ತಾರೆ. ಸಂತೋಷ. ಕುದುರೇನ ಮಂಟೇಸ್ವಾಮಿ... ಅಲ್ವಾ? ಮತ್ತೆ ಯಾರು ಹತ್ಕೊಂಡು ಬರೋದು?

ಮಾವನವರಾ?

ಹ್ಹ ಹ್ಹ. ತಮಾಷೆ ಮಾಡ್ತಿದ್ದಾರೆ... ನಾನು ಓದಿ ತಿಳ್ಕೊಂಡಿರೋದು ಕಣ್ರೀ. ಜನ್ಮದಲ್ಲಿ ಹತ್ತಿಲ್ಲ! ತಮಾಷೆ ತಾನೆ?... ಬೀಗರೇ?... ತಮಾಷೆ ಅಂತ ಹೇಳ್ಬಿಡ್ರೀ...