ಮಣಿಕಟ್ಟಿಗೋ, ಕೊಳವೆಗೋ

ನಗ್ಬೇಡಿ ರೀ! ಇದರಲ್ಲಿ ನಗೋಂಥದ್ದೇನಿದೆ? ಮದುವೆ ಮನೆಗೆ ಕಟ್ಕೊಂಡು ಹೋಗೋ ವಾಚು ಇದ್ದಂಗಿದೆ ಅಂತಾನಾ? ಇರ್ಲಿ ಬಿಡಿ. ನಿಮ್ಮ ಜೊತೆ ಈ ಡೈವಿಂಗ್ ಅಂಗಡಿ ನಡೆಸಿ ನಡೆಸಿ ನನ್ನ ತಲೆಕೂದಲಿಗೂ ರಬ್ಬರ್ ವಾಸನೆ ಹತ್ತಿದೆ, ನಂಗೂ ನಾಲ್ಕು ವಿಷಯ ಗೊತ್ತು. ಕೈ ಕೊಡಿ ಇಲ್ಲಿ. ಅದಲ್ಲ... ಬಲಗೈ. ಹಾಂ.

ನೋಡಿ, ಈ ಡೈವಿಂಗ್ ಮೀಟರು ಎಷ್ಟು ಹಗುರ! ಕೈಗೆ ಕಟ್ಟಿದ್ದೇ ಮರೆತು ಹೋಗ್ಬೇಕು, ಹಂಗಿದೆ. ಎಷ್ಟು ಆಳದಲ್ಲಿದ್ದೀರಿ, ಎಷ್ಟು ಹೊತ್ತಾಯ್ತು, ಸಿಲಿಂಡರಲ್ಲಿ ಗಾಳಿ ಎಷ್ಟು ಉಳಿದಿದೆ, ಎಲ್ಲಾ ಇಲ್ಲೇ. ಕತ್ತಲಾಯ್ತಾ? ತಾನೇ ಹೊಳೆಯತ್ತೆ. ಇನ್ನೇನು ಬೇಕು ಮನುಷ್ಯನಿಗೆ?

ಅಯ್ಯೋ, ಮತ್ತೆ ಅದನ್ನೇ ಎತ್ಕೊಂಡ್ರಾ! ಬಿಡಿ ಅದನ್ನ. ಬಿಡಿ ಅಂದೆ. ಕನ್ಸೋಲ್, ಕನ್ಸೋಲ್, ಕನ್ಸೋಲ್... ನಿಮ್ಗೆ ಅದೊಂದು ಹುಚ್ಚು. ಸಿಲಿಂಡರಿಂದ ಇಷ್ಟುದ್ದ ಕೊಳವೆ, ಅದರ ತುದೀಲಿ ಇಟ್ಟಿಗೆಯಂಥ ರಬ್ಬರ್ ಗೂಡು, ಅದರೊಳಗೆ ಗಾಳಿ ಮೀಟರು, ಆಳದ ಮೀಟರು, ದಿಕ್ಸೂಚಿ. ಗೊತ್ತು ನಂಗೆ, ಏನ್ ಹೇಳ್ತೀರಿ ಅಂತ. 'ಎಲ್ಲಾ ಒಂದೇ ಕಡೆ ಇರತ್ತೆ ಕಣೇ. ಬ್ಯಾಟರಿ ಸತ್ತರೂ ಮುಳ್ಳು ಸುಳ್ಳು ಹೇಳಲ್ಲ. ಕೈಯಿಂದ ಜಾರಿ ಸಮುದ್ರದ ಪಾಲಾಗಲ್ಲ.' ಪಾಠಕ್ಕೆ ಬಂದವರಿಗೆಲ್ಲ ಇದೇ ಹರಿಕಥೆ ಹೇಳಿದ್ದೀರಿ. ಒಳಗೆ ಸಿಲಿಂಡರ್ ತುಂಬಿಸ್ತಾ ನಾನೂ ಬಾಯಿಪಾಠ ಮಾಡ್ಕೊಂಡಿದ್ದೀನಿ.

ಸುಳ್ಳು ಅನ್ನಲ್ಲ. ಹೊಸಬರಿಗೆ ಸರಿ. ಬೆಲೇನೂ ಕಮ್ಮಿ. ಆದರೆ ಜೋತಾಡತ್ತಲ್ಲ ರೀ! ನಾಯಿ ಬಾಲದ ಹಂಗೆ ಹಿಂದೆ ಹಿಂದೇನೇ ಬರತ್ತೆ. ಕಲ್ಲಿಗೆ ತಾಗತ್ತೆ, ಹವಳಕ್ಕೆ ತಾಗತ್ತೆ... ಬಲೆಗೆ ಸಿಕ್ಕಿಹಾಕ್ಕೊಳ್ಳತ್ತೆ.

ಹೂಂ, ಹೇಳೇ ಹೇಳ್ತೀನಿ. ಅವತ್ತಿನ ಮಾತು ಎತ್ತಬಾರದು ಅಂತ ಎಷ್ಟು ದಿನ ಬಾಯಿ ಕಟ್ಕೊಂಡಿರ್ಲಿ? ಕಿಟಕಿ ಕಡೆ ತಿರುಗ್ಬೇಡಿ. ಟೀಚರಮ್ಮನ್ನ ನಾನು ಬೈತಿಲ್ಲ. ಪಾಪ, ಸ್ಕೂಲಿಂದ ನಿವೃತ್ತಿ ಆದಮೇಲೆ ಮೀನು ನೋಡ್ಬೇಕು ಅಂತ ಆಸೆಪಟ್ಟು ಈಜು ಕಲಿತು ಬಂದವರು. ಅವರದ್ದೇನು ತಪ್ಪು? ನಿಮ್ಮದೂ ಏನಿಲ್ಲ. ತಪ್ಪೆಲ್ಲಾ ಈ ಇಟ್ಟಿಗೇದು. ಮುಳುಗಿದ ಹಡಗಿನ ಕಂಬಿಗೆ ಯಾವ ಕಾಲದ್ದೋ ಬಲೆ ಸುತ್ಕೊಂಡಿತ್ತು, ಅದರೊಳಗೆ ಅವರ ಕನ್ಸೋಲ್ ಹೋಗಿ ಕೂತ್ಕೊಳ್ತು. ಅವರು ಗಾಬರಿ ಬಿದ್ದು ಒದ್ದಾಡಿದಷ್ಟೂ ಗಂಟು ಬಿಗೀತು. ಗಾಳಿ ಖಾಲಿ. ನಿಮ್ಮ ಎರಡನೇ ಬಾಯಿಕೊಳವೆ ಅವರ ಬಾಯಿಗೆ ಕೊಟ್ಟು, ಒಂದೇ ಸಿಲಿಂಡರಲ್ಲಿ ಇಬ್ಬರೂ ಉಸಿರಾಡ್ಕೊಂಡು, ಬಲೆ ಕೊಯ್ಯೋ ಹೊತ್ತಿಗೆ ಅದೂ ತಳ ಮುಟ್ತು. ಮೇಲೆ ಬರೋವಾಗ ನಡುವೆ ನಿಂತು ಸುಧಾರಿಸ್ಕೋಬೇಕಿತ್ತು, ಇಲ್ಲಾಂದ್ರೆ ರಕ್ತದಲ್ಲಿ ಗಾಳಿಗುಳ್ಳೆ ಏಳತ್ತೆ... ನಿಲ್ಲೋದಕ್ಕೆ ಗಾಳಿ ಎಲ್ಲಿತ್ತು? ಬೆಳಗ್ಗೆ ಒಂದು ಗುಂಪಿನ ಜೊತೆ ನೀವು ಆಗಲೇ ಒಂದ್ಸಲ ಇಳಿದು ಬಂದಿದ್ರಿ. ಅವರ ಮೈ ತಡ್ಕೊಳ್ತು. ನಿಮ್ಮದು ತಡೀಲಿಲ್ಲ.

ನೀವು ನೋಡಿಲ್ಲ ರೀ, ನಾನು ನೋಡಿದ್ದೀನಿ. ದೋಣೀಲಿ ನಾನೇ ಇದ್ನಲ್ಲ. ಟೀಚರಮ್ಮನ್ನ ಮೊದಲು ಹತ್ತಿಸಿ, ಆಮೇಲೆ ನಗ್ತಾ ನಗ್ತಾ ನೀವು ಏಣಿ ಹತ್ತಿದ್ರಿ. 'ಇವರಿಗೊಂದು ಬಿಸಿ ಕಾಫಿ ಕೊಡೇ' ಅಂದ್ರಿ. ನಾನು ಫ್ಲಾಸ್ಕ್ ಮುಚ್ಚಳ ತಿರುಗಿಸ್ತಿದ್ದೆ. 'ಎಡಗೈ ಯಾಕೋ ಜೋಮು ಹಿಡಿದಂಗಿದೆ ಕಣೇ' ಅಂದ್ರಿ. ಅಷ್ಟೇ. ತಿರುಗಿ ನೋಡಿದ್ರೆ ಕಾಲು ಮಡಚ್ಕೊಂಡು ಕೂತಿದ್ರಿ, ಒದ್ದೆ ಬಟ್ಟೆ ಹಗ್ಗದಿಂದ ಜಾರಿ ಬಿದ್ದಂಗೆ... ಆಗಲೂ ನಗ್ತಾನೇ ಇದ್ರಿ. ಆ ನಗು ನಂಗೆ ಈಗಲೂ... ಬಿಡಿ.

ಬಿಡಿ. ಈಗ ಕಾಲು ಬಂದಿದೆಯಲ್ಲ. ಕೋಲು ಹಿಡ್ಕೊಂಡಾದ್ರೂ ಮನೆಯಿಂದ ಅಂಗಡಿ ತನಕ ನಡೀತೀರಲ್ಲ. ಕೈಯೂ ಬರತ್ತೆ. ಡಾಕ್ಟರ್ ಏನಂದ್ರು ಅಂತ ಹೇಳಿದ್ನಲ್ಲ? 'ಚಳಿಗಾಲ ಕಳೀಲಿ, ಆಮೇಲೆ ಒಂದ್ಸಲ ನೋಡಿ ನಿಧಾನಕ್ಕೆ ಇಳಿಸೋಣ' ಅಂದ್ರು. ಹಾಗೇ ಅಂದ್ರು. ನಗ್ತಾನೇ ಅಂದ್ರು. ಅದಕ್ಕೇ ಈಗಲೇ ತೊಗೊಂಡು ಇಡೋಣ ಅಂತಿರೋದು. ನಿಮ್ಮ ಹಳೇ ಕನ್ಸೋಲು ಅವತ್ತು ಸಿಲಿಂಡರನ್ನ ದೋಣಿಗೆ ಎಳೆಯೋವಾಗ ಚೂರಾಯ್ತಲ್ಲ. ಕಂಪನಿಯವನು ಎರಡನ್ನೂ ಬಿಟ್ಟು ಹೋಗಿದ್ದಾನೆ, ಕಟ್ಟಿ ನೋಡಿ ಅಂತ. ನೋಡೋಣ, ಬನ್ನಿ.

ಇದಕ್ಕೆ ಎಲಾಸ್ಟಿಕ್ ಪಟ್ಟಿ ಹಾಕಿಸಿದ್ದೀನಿ. ಯಾಕೆ ಹೇಳಿ? ಆಳಕ್ಕೆ ಹೋದಷ್ಟೂ ರಬ್ಬರ್ ಬಟ್ಟೆ ಒತ್ತಿಕೊಂಡು ತೆಳ್ಳಗಾಗತ್ತೆ, ಮಾಮೂಲಿ ಪಟ್ಟಿ ಸಡಿಲ ಬೀಳತ್ತೆ. ನೀವೇ ಹೇಳ್ಕೊಟ್ಟಿದ್ದು! ಬರೀ ಕೇಳಿಸ್ಕೊಳ್ತೀನಿ ಅಂದ್ಕೊಂಡ್ರಾ? ಹೂಂ, ಈಗ ನೋಡಿ. ಕೈ ಮುಂದೆ ಚಾಚಿ, ನೀರಲ್ಲಿ ಈಜೋ ಹಂಗೆ. ಹಾಂ! ಕಣ್ಣೆದುರಿಗೇ ಬಂತಲ್ಲ? ಈಗ ದಿಕ್ಕು ನೋಡ್ಬೇಕು ಅಂದ್ರೆ ಬಟನ್ ಒತ್ತಬೇಕು. ಒತ್ತಿ ನೋಡ...

...

ಅದು... ಬಟನ್ ಸ್ವಲ್ಪ ಗಟ್ಟಿ. ಹೊಸದಲ್ವಾ.

ಬೇಡ, ಬಿಡಿ. ಎಡಗೈಯನ್ನ ಬಲವಂತ ಮಾಡ್ಬೇಡಿ. ಸಾಕು ಅಂದೆ! ಬೆವರ್ತಿದ್ದೀರಿ. ಎಡಗೈಗೇ ಕಟ್ಟಿ ಬಲಗೈಲಿ ಒತ್ತಿದ್ರೆ ಆಯ್ತಪ್ಪ. ಎಷ್ಟು ಸುಲಭ... ಆದರೆ ಎಡಗೈ ಎತ್ತಿ ಹಿಡೀಬೇಕಲ್ಲ. ಕಣ್ಣಿನ ತನಕ.

ಸರಿ, ನೀವು ಹೇಳಿದ್ದೇ ಸರಿ. ಕನ್ಸೋಲೇ ಇರ್ಲಿ. ಸೋತೆ ನಾನು. ಖುಷೀನಾ? ಅದಕ್ಕೆ ಬಟನ್ ಇಲ್ಲ, ಗೋಜಿಲ್ಲ. ಕೊಳವೆ ಎಡಗಡೆ ಬರತ್ತೆ, ಎಡಗೈ ಹಿಂದೆ ಹಾಕಿ ತಡಕಿ, ಹಿಡಿದು ಎಳ್ಕೊಂಡು... ಎಡಗೈ... ಅಲ್ಲ, ಬಲಗೈಲೇ ಎಳ್ಕೊಳ್ಳಿ. ಬಲಗೈಲಿ ಅದನ್ನ ಹಿಡಿದ್ರೆ ಮತ್ತೆ ಇಳಿಯೋವಾಗ ಹಿಡಿಯೋ ಹಗ್ಗ ಯಾವ ಕೈಲಿ...

ಅಯ್ಯೋ, ಅದಕ್ಯಾಕೆ ತಲೆ ಬಿಸಿ? ನಾನಿರ್ತೀನಲ್ಲ ಪಕ್ಕದಲ್ಲಿ! ನಾನು ನೋಡಿ ಹೇಳ್ತೀನಿ. ಎಷ್ಟು ಆಳ, ಎಷ್ಟು ಗಾಳಿ, ಎಲ್ಲಾ ಬೆರಳಲ್ಲಿ ತೋರಿಸ್ತೀನಿ. ನಿಮ್ಮ ಮೀಟರ್ ನಾನು. ಎಲ್ಲಿ ಬೇಕಾದ್ರೂ ಕಟ್ಕೊಳ್ಳಿ, ಮಣಿಕಟ್ಟಿಗೋ, ಕೊಳವೆಗೋ!

ನಗ್ರೀ. ಈಗ ನಗ್ಬಹುದು. ತಮಾಷೆ ಮಾಡಿದ್ದು ನಾನು.

ಯಾಕೆ ಹಂಗೆ ನೋಡ್ತೀರಿ?

ಏನಾದ್ರೂ ಮಾತಾಡಿ. ಬೈರಿ. 'ನಿಂಗೇನೇ ಗೊತ್ತು, ಸುಮ್ನೆ ಕೂತ್ಕೋ' ಅನ್ನಿ. 'ಚಳಿಗಾಲ ಕಳೆಯೋ ತನಕ ಯಾಕೆ ಕಾಯ್ಬೇಕು' ಅಂತ ಜಗಳ ಆಡಿ. 'ನಂಗೆ ನೀರಿಗೆ ಇಳಿಯೋಕೆ ಯಾವಾಗ ಬಿಡ್ತಾರಂತೆ' ಅಂತ ಕೇಳ್ರೀ...

ಅರೆ.

ಕೇಳೇ ಇಲ್ಲ ಅಲ್ವಾ ನೀವು? ಆಸ್ಪತ್ರೆಯಿಂದ ಬಂದಾಗಿನಿಂದ ಒಂದ್ಸಲಾನೂ ಕೇಳಿಲ್ಲ. ಜ್ವರ ಬಂದು ಮಲಗಿದ್ರೂ ಅಲೆ ಹೇಗಿದೆ, ನೀರು ತಿಳಿಯಾಗಿದೆಯಾ ಅಂತ ಪ್ರಾಣ ತಿನ್ನೋ ಮನುಷ್ಯ... ನಾನು ಚಳಿಗಾಲ ಅಂದಾಗಲೆಲ್ಲ ಬರೀ ಹೂಂ ಅಂದ್ರಿ. ಯಾವ ತಿಂಗಳು ಅನ್ನಲಿಲ್ಲ. 'ಯಾಕೆ' ಅಂತಾನೂ ಅನ್ನಲಿಲ್ಲ. ನಾನು ಉತ್ತರ ಸಿದ್ಧ ಮಾಡ್ಕೊಂಡಿದ್ದೆ ರೀ. ಕನ್ನಡಿ ಮುಂದೆ ನಿಂತು ಹೇಳಿ ಹೇಳಿ ಅಭ್ಯಾಸ ಮಾಡ್ಕೊಂಡಿದ್ದೆ, ಬಾಯಿ ತೊದಲಬಾರದು ಅಂತ. ನೀವು ಕೇಳಲೇ ಇಲ್ಲ.

ಗೊತ್ತಿತ್ತಾ?

ಡಾಕ್ಟರ್ ನನ್ನನ್ನ ಒಬ್ಬಳನ್ನೇ ಒಳಗೆ ಕರೆದಾಗಲೇ ಗೊತ್ತಾಯ್ತಾ? ಬಾಗಿಲು ಸರಿಯಾಗಿ ಹಾಕಿರ್ಲಿಲ್ವಾ ನಾನು? ಇಲ್ಲ, ನನ್ನ ಮುಖ ನೋಡಿಯಾ? ಮುಖ ತೊಳ್ಕೊಂಡು ಬಂದಿದ್ನಲ್ಲ ರೀ...

ತಲೆ ತಗ್ಗಿಸ್ಬೇಡಿ. ನೀವ್ಯಾಕೆ ತಗ್ಗಿಸ್ತೀರಿ? ಅವರು ಅಂದಿದ್ದು 'ಇನ್ನು ಯಾವತ್ತೂ ಬೇಡ' ಅಂತ. ಇನ್ನೊಂದ್ಸಲ ಇಳಿದ್ರೆ ಈ ನಡಿಗೇನೂ ಉಳಿಯಲ್ಲ, ಉಸಿರು ಉಳಿಯೋದೂ ಅನುಮಾನ ಅಂದ್ರು. ಅದನ್ನ ಹೊತ್ಕೊಂಡು ಇಷ್ಟು ದಿನ ಒಬ್ಬಳೇ ತಿರುಗ್ತಿದ್ದೀನಿ ಅಂದ್ಕೊಂಡಿದ್ದೆ. ನೀವು ಅದನ್ನೇ ಹೊತ್ಕೊಂಡು ಎದುರಿಗೆ ಕೂತು ಹೂಂಗುಟ್ತಿದ್ರಾ? ನಾನು ಸುಳ್ಳು ಹೇಳೋದು ನಿಲ್ಲಿಸಿದ್ರೆ ಕುಸಿದು ಹೋಗ್ತೀನಿ ಅಂತಾನಾ? ಅಯ್ಯೋ ದೇವರೇ... ಯಾರನ್ನ ಯಾರು ಕಾಪಾಡ್ತಿದ್ವಿ ರೀ?

ಏನ್ ಮಾಡ್ತಿದ್ದೀರಿ? ಹಲ್ಲಲ್ಲಿ ಯಾಕೆ ಕಚ್ಚಿ ಎಳೀತೀರಿ ಪಟ್ಟೀನ? ಇರಿ, ನಾನೇ ಬಿಚ್ತೀನಿ... ಬೇಡ್ವಾ? ನೀವೇ ಬಿಚ್ತೀರಾ?

ನಂಗ್ಯಾಕೆ? ಬೇಡ... ನನ್ನ ಕೈಗೆ ಕಟ್ಬೇಡಿ. ಕೈ ಬಿಡಿ ರೀ. ಮುಂದಿನ ವಾರ ಬರೋ ಗುಂಪನ್ನ ನಾನು ಕರ್ಕೊಂಡು ಹೋಗ್ಬೇಕಾ? ಆಗಲ್ಲ. ನಂಗೆ ಬರಲ್ಲ ಅಂತಲ್ಲ, ಬರತ್ತೆ. ಎಲ್ಲಾ ಬರತ್ತೆ, ನೀವೇ ಕಲಿಸಿದ್ದೀರಿ. ಕೆಳಗೆ ಹೋಗಿ ಪಕ್ಕಕ್ಕೆ ತಿರುಗಿದ್ರೆ ನೀವಿರಲ್ವಲ್ಲ... ಆಗ ನಾನು ಯಾರಿಗೆ ಸನ್ನೆ ಮಾಡ್ಲಿ?

ಹೇಳ್ರೀ.