ಹಿಡಿದವನು ಹೇಳಬೇಕಾದ ಮಾತು

ನಾನು ಗಿರಿಜಾದೇವಿ, ಗಂಡ ಕ್ಯಾಪ್ಟನ್ ಪಂಚಾಕ್ಷರಿ, ವಯಸ್ಸು 36 ವರ್ಷ, ಮನೆಗೆಲಸ, ವಾಸ ಮನೆ ನಂ. 318, ರಾಜಾಜಿನಗರ 4ನೇ ಬ್ಲಾಕ್, ಬೆಂಗಳೂರು-10. ನನ್ನ ಒಡಹುಟ್ಟಿದ ತಮ್ಮ ಚನ್ನವೀರಪ್ಪನ ಸಾವಿನ ಬಗ್ಗೆ ಇನ್ಸ್‌ಪೆಕ್ಟರ್ ಸಾಹೇಬರು ಠಾಣೆಯಲ್ಲಿ ವಿಚಾರಿಸಲಾಗಿ, ನಾನೇ ಬಾಯಿಬಿಟ್ಟು ಹೇಳಿ ಬರೆಸಿದ್ದು ಹೀಗಿದೆ.

ನನ್ನ ಗಂಡ ಎಂಟು ವರ್ಷ ಕ್ಯಾರವೆಲ್ ಎಂಬ ಜೆಟ್ ವಿಮಾನ ಹಾರಿಸಿದವರು. ನನ್ನ ತಮ್ಮನಿಗೆ ಈ ಕೆಲಸದ ದಾರಿ ತೋರಿಸಿದ್ದೂ ಅವರೇ. ತಮ್ಮ ಮೂರು ವರ್ಷದಿಂದ ಬೋಯಿಂಗ್ ಹಾರಿಸುತ್ತಿದ್ದ. ಇಬ್ಬರೂ ಸೇರಿದರೆ ಯಾವ ವಿಮಾನ ಮೇಲು ಎಂಬ ಜಗಳ ತಪ್ಪುತ್ತಿರಲಿಲ್ಲ. ಕ್ಯಾರವೆಲ್ಲಿಗೆ ಎಂಜಿನ್ ಬಾಲದ ಹತ್ತಿರ, ಒಂದು ನಿಂತರೂ ಮೂತಿ ಅಷ್ಟಾಗಿ ಪಕ್ಕಕ್ಕೆ ಎಳೆಯುವುದಿಲ್ಲ, ಇಳಿದ ಮೇಲೆ ಬಾಲದಿಂದ ಪ್ಯಾರಾಚೂಟಿನಂಥ ಕೊಡೆ ಬಿಚ್ಚಿ ವೇಗ ತಗ್ಗಿಸುತ್ತದೆ ಎಂದು ಇವರು. ಬೋಯಿಂಗಿಗೆ ಕೊಡೆಯ ಹಂಗೇ ಬೇಡ, ಎಂಜಿನ್ನಿನ ಗಾಳಿಯನ್ನೇ ಮುಂದಕ್ಕೆ ತಿರುಗಿಸಿ ನಿಲ್ಲಿಸಬಹುದು ಎಂದು ಅವನು. ತಟ್ಟೆ ಲೋಟಗಳನ್ನೇ ವಿಮಾನ ಮಾಡಿಕೊಂಡು ಊಟದ ಮನೆಯಲ್ಲಿ ಇಳಿಸುತ್ತಿದ್ದರು. ತೊಳೆಯುವವಳು ನಾನು. ಯಾವುದು ಬಿದ್ದರೂ ಒಳಗಿದ್ದವರು ಉಳಿಯುವುದಿಲ್ಲ, ಮೊದಲು ಉಣ್ಣಿ ಎಂದು ಬೈಯುತ್ತಿದ್ದೆ.

ಈ ವರ್ಷ ಇವರನ್ನು ಬೋಯಿಂಗ್ ತರಬೇತಿಗೆ ಹಾಕಿದರು. ಕಲಿಸುವವನು ನನ್ನ ತಮ್ಮನೇ. ಇವರಿಗಿಂತ ಹತ್ತು ವರ್ಷ ಚಿಕ್ಕವನು. ಇವರು ಮನೆಯಲ್ಲಿ ನಗುವುದನ್ನು ನಿಲ್ಲಿಸಿದರು.

ಪೈಲಟ್‌ಗಳಲ್ಲಿ ಒಂದು ಕ್ರಮ ಇದೆ. ವಿಮಾನದ ಹಿಡಿತವನ್ನು ಇನ್ನೊಬ್ಬನಿಗೆ ಕೊಡುವವನು ‘ಯೂ ಹ್ಯಾವ್’ ಎನ್ನಬೇಕು, ಅಂದರೆ ಇನ್ನು ನಿನ್ನದು ಎಂದು. ತೆಗೆದುಕೊಂಡವನು ‘ಐ ಹ್ಯಾವ್’, ನನ್ನದು, ಎನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಕೊಡುವವನು ಕೈ ಬಿಡುವಂತಿಲ್ಲ. ನಮ್ಮ ಮನೆಯಲ್ಲಿ ಕೂಸನ್ನು ಕೈಯಿಂದ ಕೈಗೆ ಕೊಡುವಾಗಲೂ ಇದೇ ಪದ್ಧತಿ. ನಮ್ಮ ಅತ್ತೆ ಬಸವ್ವನಿಗೆ ಇಂಗ್ಲಿಷಿನ ಗಂಧವಿಲ್ಲ, ಅವರೂ ಬಿಸಿ ಸಾರಿನ ಪಾತ್ರೆ ಕೊಡುವಾಗ ‘ಯೂ ಹ್ಯಾವ್’ ಎಂದು ಕಾಯುತ್ತಾರೆ.

ಹೋದ ಗುರುವಾರ ವಿಮಾನ ಇಳಿಯುವ ಹೊತ್ತಿಗೆ, ಇವರು ಸರಿಯಾಗಿ ಇಳಿಸುತ್ತಿಲ್ಲವೆಂದು ತಮ್ಮ ‘ಐ ಹ್ಯಾವ್’ ಎಂದು ಇವರ ಕೈಯಿಂದ ಹಿಡಿತ ತೆಗೆದುಕೊಂಡನಂತೆ. ಇವರು ಮನೆಗೆ ಬಂದು ಷೂ ಸಹ ಬಿಚ್ಚದೆ ಗೋಡೆಯ ಕಡೆ ತಿರುಗಿ ಮಲಗಿದರು.

ನಿನ್ನೆ ಭಾನುವಾರ ತಮ್ಮ ಊಟಕ್ಕೆ ಬಂದ. ನನ್ನ ಇಬ್ಬರು ಹೆಣ್ಣುಮಕ್ಕಳು ಪಕ್ಕದ ಮನೆಯ ಜಂಬಣ್ಣನವರಲ್ಲಿ ಆಡುತ್ತಿದ್ದರು. ಮಧ್ಯಾಹ್ನ ಸುಮಾರು ಒಂದೂವರೆಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ತಮ್ಮ ತಲೆ ಎತ್ತದೆ, “ಭಾವ, ತಪ್ಪು ತಿಳ್ಕೋಬೇಡಿ. ನೀವು ಇನ್ನೂ ಹತ್ತು ಸಲ ಇಳಿಸಿ ತೋರಿಸ್ಬೇಕು ಅಂತ ಮೇಲಿನವರಿಗೆ ಹೇಳಿದೀನಿ” ಎಂದ.

ಇವರು, “ನಿಮ್ಮ ಬೋಯಿಂಗನ್ನ ಮೂಟೆ ಒಗೆದ ಹಾಗೆ ನೆಲಕ್ಕೆ ಕುಕ್ಕಬೇಕು. ನಾನು ಜನಕ್ಕೆ ಗೊತ್ತಾಗ್ದ ಹಾಗೆ ಇಳಿಸ್ತೀನಿ. ಅದು ತಪ್ಪೇನೋ?” ಎಂದರು.

ತಮ್ಮ, “ಕ್ಯಾರವೆಲ್ ಥರ ತೇಲಿಸ್ಕೊಂಡು ಕೂತ್ರೆ ರನ್‌ವೇ ಮುಗ್ದೋಗುತ್ತೆ ಭಾವ. ಇದರ ಬಾಲದಲ್ಲಿ ಕೊಡೆ ಇಲ್ಲ” ಎಂದು ನಕ್ಕ. ಆ ನಗು ಬೇಡವಾಗಿತ್ತು.

ಇವರು ಉಣ್ಣುತ್ತಿದ್ದ ತಟ್ಟೆಯನ್ನೇ ಎತ್ತಿ ಬೀಸಿದರು. ಅದರ ಅಂಚು ತಮ್ಮನ ಹುಬ್ಬನ್ನು ಸೀಳಿತು. ರಕ್ತ ರೊಟ್ಟಿಯ ಮೇಲೆ ಸುರಿಯಿತು. ತಮ್ಮ ಎದ್ದು ಇವರ ಕೆನ್ನೆಗೆ ಬಾರಿಸಿದ. ಬಿಡಿಸಲು ಬಂದ ಅತ್ತೆಯನ್ನು ಯಾರು ನೂಕಿದರೋ ಕಾಣಲಿಲ್ಲ, ಅವರ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಅದನ್ನು ನೋಡಿ ತಮ್ಮನೇ ಹಿಂದೆ ಸರಿದು, ಮುಖ ತೊಳೆಯುತ್ತೇನೆಂದು ಮೆಟ್ಟಿಲು ಹತ್ತಿ ಹೋದ. ಮೇಲೆ ಮಹಡಿ ಕಟ್ಟಿಸುತ್ತಿದ್ದೆವು. ಅದರ ಮೇಲಿನ ತಾರಸಿ ಹಾಕಿ ಆಗಿತ್ತು, ಸುತ್ತಲ ಕೈಪಿಡಿ ಗೋಡೆ ಇನ್ನೂ ಎಬ್ಬಿಸಿರಲಿಲ್ಲ. ತಾರಸಿಗೆ ಹಾಯಿಸುವ ನೀರಿನ ಡ್ರಮ್ ಅಲ್ಲಿತ್ತು. ಭಾನುವಾರವಾದ್ದರಿಂದ ಗಾರೆಯವರು ಯಾರೂ ಇರಲಿಲ್ಲ.

ಇವರು ಮೆಟ್ಟಿಲ ಬಳಿ ಬಿದ್ದಿದ್ದ ಮರದ ರೀಪು ತೆಗೆದುಕೊಂಡು ಹಿಂದೆಯೇ ಹತ್ತಿದರು. ಬೇಡ ಬೇಡ ಎನ್ನುತ್ತಾ ನಾನೂ ಓಡಿದೆ. ತಮ್ಮ ಡ್ರಮ್ಮಿಗೆ ಬಗ್ಗಿ ಕಣ್ಣಿನ ರಕ್ತ ತೊಳೆಯುತ್ತಿದ್ದ. ಇವರು ಹಿಂದಿನಿಂದ ಹೆಗಲಿಗೆ ಹೊಡೆದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಇನ್ನೊಂದು ಏಟು ಬೆನ್ನಿಗೆ ಬಿತ್ತು. ರೀಪಿನಲ್ಲಿ ಮೊಳೆ ಇತ್ತು, ಅಂಗಿಯ ಜೊತೆ ಚರ್ಮವೂ ಹರಿದು ಬಂತು. ತಮ್ಮ ತಿರುಗಿ ಇವರ ಕುತ್ತಿಗೆ ಹಿಡಿದು ಮುಖವನ್ನು ಕಂಬಕ್ಕೆ ಜಜ್ಜಿದ. ಎರಡು ಹಲ್ಲು ನನ್ನ ಕಾಲ ಬಳಿ ಬಿದ್ದವು. “ಸಾಕು ಬಿಡ್ರೋ, ನಿಮ್ಮ ವಿಮಾನಕ್ಕೆ ಬೆಂಕಿ ಹಾಕ” ಎಂದು ನಾನು ಕೂಗಿದೆ. ಇಬ್ಬರೂ ತಬ್ಬಿಕೊಂಡು ಉರುಳಿದರು. ಉರುಳುತ್ತಾ ತಮ್ಮ ಅಂಚಿನಾಚೆ ಜಾರಿದ.

ಆ ಕ್ಷಣಕ್ಕೆ ಅವನನ್ನು ಹಿಡಿದವರು ನನ್ನ ಗಂಡನೇ. ಅದನ್ನೂ ಬರೆದುಕೊಳ್ಳಿ. ಹೊಟ್ಟೆಯ ಮೇಲೆ ಬಿದ್ದು ಅವನ ಎರಡೂ ಮಣಿಕಟ್ಟು ಹಿಡಿದರು. ಭಾರಕ್ಕೆ ಇವರೂ ಜಾರತೊಡಗಿದ್ದರಿಂದ ನಾನು ಇವರ ಎರಡು ಕಾಲುಗಳನ್ನು ಅವುಚಿಕೊಂಡು ಕೂತೆ. ಕೆಳಗೆ ಸುಮಾರು ಇಪ್ಪತ್ತೆರಡು ಅಡಿ, ಜಲ್ಲಿ ರಾಶಿ, ಕತ್ತರಿಸಿ ಇಟ್ಟ ಕಬ್ಬಿಣದ ಕಂಬಿ. ಅಂಚಿನ ಕಂಬದಿಂದ ಒಂದು ಕಂಬಿ ಹೊರಗೆ ಚಾಚಿತ್ತು. ಇವರು, “ಕಂಬಿ ಹಿಡ್ಕೊಳೋ ಚನ್ನ” ಎಂದರು. ತಮ್ಮ, “ಹೆಗಲು ಏಳ್ತಾ ಇಲ್ಲ ಭಾವ, ಬಿಡ್ಬೇಡಿ” ಎಂದ. ನನ್ನ ತಮ್ಮ ಆಡಿದ ಕೊನೆಯ ಮಾತು ಅದು.

ನಾನು ಇವರ ಕಾಲುಗಳನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡೆ. ಆಮೇಲೆ ಇವರು ‘ಯೂ ಹ್ಯಾವ್’ ಎಂದರು. ಉತ್ತರಕ್ಕೆ ನಾನು ಕಾದೆ. ನಾನು ತಬ್ಬಿದ್ದ ಕಾಲುಗಳು ಒಮ್ಮೆಲೇ ಹಗುರವಾದವು.

ಕೆಳಗೆ ಓಡಿ ಹೋದಾಗ ಕಂಬಿಯೊಂದು ಅವನ ಪಕ್ಕೆಯಲ್ಲಿ ಹೊಕ್ಕು ಹೊಟ್ಟೆಯಲ್ಲಿ ಹೊರಬಂದಿತ್ತು. ದವಡೆ ಒಡೆದು ಹೋಗಿತ್ತು. ಕಣ್ಣು ತೆರೆದಿತ್ತು, ನನ್ನ ಗುರುತು ಸಿಕ್ಕಿತು. ಜಂಬಣ್ಣನವರು ಕಾರು ತಂದರು. ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡೇ ಮಾಗಡಿ ರಸ್ತೆ ದಾಟುವ ಮುಂಚೆ ತೀರಿಕೊಂಡ. ಅವನು ಹುಟ್ಟಿದಾಗ ಅವ್ವನ ಕೈಯಿಂದ ಮೊದಲು ಎತ್ತಿಕೊಂಡವಳು ನಾನು.

ಆಸ್ಪತ್ರೆಯಲ್ಲಿ ಅತ್ತೆ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಬಂದು ನನ್ನ ಕೈ ಹಿಡಿದು, “ಜಾರಿ ಬಿದ್ದ ಅಂತ ಹೇಳೇ. ಎರಡು ಹೆಣ್ಣುಮಕ್ಕಳ ಮುಖ ನೋಡೇ” ಎಂದು ಅತ್ತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆತ್ತವರು, ಹಾಗೆ ಹೇಳಲೇಬೇಕು.

ಪೊಲೀಸರು ಕರೆದುಕೊಂಡು ಹೋಗುವ ಮೊದಲು ನನ್ನ ಗಂಡ ಹತ್ತಿರ ಬಂದರು. ಬಾಯಿ ಊದಿ ಮಾತು ತೊದಲುತ್ತಿತ್ತು. “ಗಿರಿಜಾ, ಅವನು ‘ಐ ಹ್ಯಾವ್’ ಅಂದ ಅಲ್ವೇನೇ? ನಿನಗೂ ಕೇಳಿಸ್ತು ಅಲ್ವಾ?” ಎಂದು ಕೇಳಿದರು. ನಿಜವಾಗಿ ಕೇಳಿಸಿಕೊಂಡವರು ಇನ್ನೊಬ್ಬರನ್ನು ಹೀಗೆ ಕೇಳುವುದಿಲ್ಲ. ಸಿಟ್ಟಿಗೆ ಬಿಟ್ಟರೋ, ಕೈ ಸೋತು ಬಿಟ್ಟರೋ, ಅವರ ಮನಸ್ಸಿನೊಳಗೆ ನಾನು ಇರಲಿಲ್ಲ. ಈ ಮನುಷ್ಯನ ಮೇಲೆ ನನಗೆ ಇನ್ನೂ ಪ್ರೀತಿ ಇದೆ. ಹೂಂ ಅಂದಿದ್ದರೆ ಇಂದಲ್ಲ ನಾಳೆ ಮನೆಗೆ ಬರುತ್ತಿದ್ದರು.

ನಾನು ಇಲ್ಲ ಎಂದೆ.

ಬರೆದದ್ದನ್ನು ಸಾಹೇಬರು ನನಗೆ ಎರಡು ಸಲ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಬೇರೆ ಏನೂ ಸೇರಿಲ್ಲ. ‘ಕೇಳಿಸಿದ ನೆನಪಿಲ್ಲ’ ಎಂದು ತಿದ್ದಲೇ ಎಂದು ಅವರು ಕೇಳಿದರು. ಬೇಡ, ‘ಇಲ್ಲ’ ಎಂದೇ ಇರಲಿ ಎಂದು ಹೇಳಿ ಸಹಿ ಮಾಡಿದ್ದೇನೆ.

ಸ್ಥಳ: ರಾಜಾಜಿನಗರ, ಬೆಂಗಳೂರು
ತಾರೀಖು: 11-3-1974

ಸಹಿ/- ಗಿರಿಜಾದೇವಿ