ಸೇತುವಿ ಮ್ಯಾಲಿನ ಚುಕ್ಕಿ

…ನಗಬ್ಯಾಡ. ಮತ್ತ ನಕ್ಕಿ ಅಂದ್ರ ಎದ್ದು ಹೋಗ್ತೀನಿ ನೋಡು ಹೊಳಿಯಮ್ಮ. ಈ ಡಬ್ಬಿ ಸುಳ್ಳು ಹೇಳ್ತೈತಿ ಅಂದ್ರ ಸುಳ್ಳು ಹೇಳ್ತೈತಿ. ಕುಣಿಯಾಕ ಬರದಾಕಿ ಅಂಗಳ ಡೊಂಕು ಅಂದ್ಲಂತ, ಅದನ್ನಽ ಮನಸ್ಸಿನ್ಯಾಗ ಅಂದ್ಕೊಳಾಕತ್ತಿ, ಹೌದಿಲ್ಲೊ? ಅಂದ್ಕೊ. ಅಕ್ಕಿ ಗಿರಣಿ ಲೆಕ್ಕ ಬರಿಯೋ ಕಂಪ್ಯೂಟರು ಇದು. ಹೈದರಾಬಾದಿನಿಂದ ಕೂಡ್ರಸಾಕ ಬಂದಾಂವ ಇದರಾಗೊಂದು ಯುದ್ಧದ ಆಟ ಬಿಟ್ಟುಹೋದ, ಇಲ್ಲಿ ಲೆಕ್ಕ ಬರಿಯಾಕಿ ನೀ, ಅದನ್ನ ಕಲತಿ. ಅಷ್ಟಕ್ಕ ನನಗ ಯುದ್ಧ ಕಲಿಸ್ತೀಯೇನು? ಬಳ್ಳಾರಿಗೆ ಹೋಗಿ ಭರ್ತಿ ಆಗಿ, ಇಟಲಿಯೊಳಗ ಖರೇ ಬಂದೂಕ ಹಿಡದಾಂವ ನಾನು. ತುಕಡಿಗೆ ನಾಯಕ, ಗಾದಿಲಿಂಗಪ್ಪ. ಗಂಗಾವತಿ ಚಾದಂಗಡಿಯೊಳಗ ಯಾರನ್ನರ ಕೇಳು.

"ಬರ್ರಿ ಅಜ್ಜಾ, ನಿಮ್ಮ ಸೇತುವಿ ತೋರಸ್ತೀನಿ" ಅಂತ ನೀನಽ ಕರದಿ. ಮನ್ಯಾಗ ನಿಮ್ಮಜ್ಜಿ ಮಾರೆವ್ವ ಇವತ್ತೋ ನಾಳೆಯೋ ಅನ್ನೂ ಹಂಗ ಮಲಗ್ಯಾಳ, ನೀ ಇಲ್ಲಿ ಆಟ ಹಚ್ಚಿ. ಏನಂತಾಳ ಆಕಿ? ಮತ್ತ ಅದಽ? ಕುಂಕುಮ ಇಟಕೊಂಡು ಹೋಗ್ಲೊ, ಅಳಿಸಿಕೊಂಡು ಹೋಗ್ಲೊ, ಗಾದಿಲಿಂಗಪ್ಪನ್ನ ಕೇಳಿ ಬಾ ಅಂತ?

ಹೇಳೇನಲ್ಲ. ಎಷ್ಟು ಸಲ ಹೇಳ್ಬೇಕು. ನಿಮ್ಮಜ್ಜ ಮುದುಕಪ್ಪ ಸತ್ತಿಲ್ಲ. ಗುಂಡು ಹಾರೂದಽ ತಡ, ಸೇತುವಿ ಕಾಯೂದು ಬಿಟ್ಟು ಓಡಿಹೋದ. ಯಾವ ಊರಾಗ ಯಾವ ಬಿಳೀ ಹೆಣ್ಣಿನ ಕೂಡ ಸಂಸಾರ ಮಾಡ್ಯಾನೋ. ಓಡಿಹೋದಾಂವನ ಮನಿ ಅಂತ ಜನ ಆಡಿಕೊಂಡ್ರು, ಹೌದು, ಆಡಿಕೊಳ್ಳಲಿ. ಸತ್ತ ಅಂತ ಸುದ್ದಿ ಬಂದಿದ್ರ ಹರೇದಾಗಽ ಆಕಿ ಬಳಿ ಒಡಿಸ್ತಿದ್ರು. ನನ್ನ ಮಾತಿನಿಂದ ಇಲ್ಲೀತನಕ ಮುತ್ತೈದಿ ಆಗಿ ಬಾಳ್ಯಾಳ. ನೀವು ನನಗ ಕೈ ಮುಗೀಬೇಕು, ಹಿಂಗ ಕಣ್ಣು ಕೆಂಪ ಮಾಡೂದಲ್ಲ.

ಹಚ್ಚು, ಇನ್ನೊಮ್ಮೆ ಹಚ್ಚು. ಒಂದೊಂದು ಹಸಿರು ಚುಕ್ಕಿಗೂ ನಮ್ಮ ಹುಡುಗರ ಹೆಸರು ಬರದಿ, ಛಲೋ ಆತು. ಇದು ಹೊಳಿ. ಇದು ಸೇತುವಿ. ಈ ದಂಡಿಗೆ ಮುರುಕ ಗೋಡಿ. ಸೇತುವಿ ಮ್ಯಾಲೆ, ಮಷೀನಗನ್ ಹತ್ತಿರ, ನನ್ನ ಚುಕ್ಕಿ ಇಡು. ಮುದುಕಪ್ಪನ್ನ ಹಿಂದ ಓಡಸು. ಹ್ಞಾಂ. ಈಗ ಜರ್ಮನಿಯವರು ಬರ್ತಾರ. ನಾ ಹೊಡಕೋತ ಕುಂದರತೀನಿ, ಉಳದವರು ಗೋಡಿ ಮರಿಗೆ ಸರಕೋತಾರ. ನೋಡು, ಎಲ್ಲಾರೂ ಸರದ್ರು. ಇನ್ನ ನಾ…

ಹೋತು. ನನ್ನ ಚುಕ್ಕಿ ಮತ್ತ ಆರಿಹೋತು.

ನನ್ನ ಮಾರಿ ಏನು ನೋಡ್ತಿ? ಆಗಿನಿಂದ ಇದಽ ಆಗಾಕತ್ತೈತಿ, ನನಗೂ ಕಣ್ಣದಾವ. ಸೇತುವಿ ಮ್ಯಾಲೆ ಯಾರೂ ಇಲ್ಲದಿದ್ರ ಎಲ್ಲಾರೂ ಸಾಯ್ತಾರ. ಒಬ್ಬಾಂವ ಉಳದ್ರ ಅವನೊಬ್ಬನಽ ಸಾಯ್ತಾನ. ಹಂಗಾದ್ರ ನಾ ಹ್ಯಾಂಗ ಬದುಕಿ ಬಂದೆ ಅಂತ ಕೇಳ್ತೀಯೇನು? ಕೇಳಿಲ್ಲ? ಬಾಯಿಲೆ ಕೇಳಿಲ್ಲ, ಕಣ್ಣಿಲೆ ಕೇಳಾಕತ್ತಿ. ತಾಯಿ ಹುಲಿಗೆವ್ವನ ದಯಾ, ಬದುಕಿದೆ. ಆಕಿ ದಯಾ ಈ ಡಬ್ಬಿಗೇನು ಗೊತ್ತು.

ಈಗೇನು ಮಾಡಾಕತ್ತಿ? ಮುದುಕಪ್ಪನ್ನ ಯಾಕ ಸೇತುವಿ ಮ್ಯಾಲೆ ತಂದಿ? ತಗಿ ಅಲ್ಲಿಂದ. ತಗಿ ಅಂದೆ. ನನ್ನ ಎಲ್ಲಿಗೆ ಒಯ್ದಿ… ಗೋಡಿ ಹಿಂದ? ಬ್ಯಾಡ ಯವ್ವಾ, ಹಂಗ ಇಡಬ್ಯಾಡ…

ಬಂದ್ರು. ಅಲ್ಲ, ಅಲ್ಲ, ಅಲ್ಲಿ ಅಲ್ಲ. ಅವನ್ನ ಎಡಕ್ಕ ಕೂಡ್ರಸು, ತಪ್ಪಿಟ್ಟಿ ನೀ. ಎಡಕ್ಕೊಂದು ಕಲ್ಲಿನ ಕಂಬ ಇತ್ತು, ಅದರ ಮರಿಗೆ ಕುಂತಿದ್ದ. ಗೋಡಿ ಸಂದ್ಯಾಗಿಂದ ಬೆನ್ನಷ್ಟಽ ಕಾಣತಿತ್ತು. ಬೆನ್ನಿನ ಮ್ಯಾಲೆ ಅಂಗಿ ಹರದಿತ್ತು, ಅವತ್ತು ಮುಂಜಾನೆ ನಾನಽ ಹೊಲದು ಕೊಟ್ಟಿದ್ದೆ, ಖಾಕಿ ದಾರ ಸಿಗಲಿಲ್ಲ ಅಂತ ಬಿಳಿ ದಾರದಾಗ. ಗನ್ ಹಾರಿದಂಗೆಲ್ಲ ಆ ಬಿಳಿ ಹೊಲಿಗಿ ಅಲಗ್ಯಾಡತಿತ್ತು… ಅಲಗ್ಯಾಡತಿತ್ತು… ಆಮ್ಯಾಲೆ ನಿಂತಬಿಡ್ತು. ಹೊಳಿಯೊಳಗ ಬಿದ್ದಾಗ ಸಪ್ಪಳ ಸೈತ ಕೇಳಲಿಲ್ಲ.

ಏನು?

ನಾ ಏನೂ ಅನಲಿಲ್ಲ. ಓಡಿಹೋಗೋ ಮನಷ್ಯಾನ ಬೆನ್ನು ಕಾಣೂದಿಲ್ಲೇನು? ಅದನ್ನ ಹೇಳಿದೆ. ಏನರ ಅನ್ನು. ಬೈ. ಬೇಕಾದ್ರ ಮಾರಿ ಮ್ಯಾಲೆ ಉಗುಳು. ಹೊಳಿಯಮ್ಮ… ಅವಾಗ ನಾಯಕ ಎಲ್ಲಿದ್ದ ಅಂತ ದಂಡಿನ ಸಾಹೇಬ ಕೇಳಿದ್ರ ನಾ ಏನು ಹೇಳ್ಬೇಕಿತ್ತು?

ಯಾಕ ಎದ್ದಿ? ಮಾರೆವ್ವಗ ಏನು ಹೇಳ್ತಿ? ಆಕಿ ಹಣಿ ಅಳಸಬ್ಯಾಡ ಯವ್ವಾ. ಅಳಸಿದ್ರ ಊರಿಗೆಲ್ಲ ತಿಳೀತೈತಿ… ನಾ ಬರ್ಲೇನು, ನಾನಽ ಬಂದು ಆಕಿ ಮುಂದ… ಬ್ಯಾಡ?

ನಿಲ್ಲು. ಬಾಗಲಾ ಆಮ್ಯಾಲೆ ಹಾಕು. ಗೋಡಿ ಹಿಂದ ನನ್ನ ಚುಕ್ಕಿ ಇನ್ನೂ ಉರಿಯಾಕತ್ತೈತಿ. ಇದನ್ನ ಹ್ಯಾಂಗ ಆರಸೂದು, ಅದನ್ನರ ಹೇಳಿ ಹೋಗು.